ಎರಡು ವರ್ಷದಿಂದ ಬರೀ ಎಲೆ: ಅಮರಿಲ್ಲಿಸ್ ಸಂಕ್ರಾಂತಿಗೆ ಅರಳುತ್ತದೆಯೇ?

ಪ್ರಶ್ನೆ: ಮೂರು ವರ್ಷದ ಹಿಂದೆ ಮಗಳು ಪುಣೆಯಿಂದ ಬರುವಾಗ ಒಂದು ಅಮರಿಲ್ಲಿಸ್ ಗಡ್ಡೆ ತಂದಿದ್ದಳು. ಕುಂಡದಲ್ಲಿ ಹಾಕಿದ ಒಂದೂವರೆ ತಿಂಗಳಿಗೆ, ಡಿಸೆಂಬರ್ ಥಂಡಿಯಲ್ಲಿ, ಒಂದೇ ದಂಟಿಗೆ ನಾಲ್ಕು ದೊಡ್ಡ ಕೆಂಪು ಹೂವು ಬಂದವು. ಓಣಿಯವರೆಲ್ಲ ಬಂದು ನೋಡಿ ಹೋದರು. ಆಮೇಲೆ ಎರಡು ವರ್ಷ ಬರೀ ಎಲೆ. ಎಲೆಗಳು ಉದ್ದ ಬೆಳೆದು ಕುಂಡದ ಆಚೆ ಜೋತುಬಿದ್ದಿವೆ. ಪಡಸಾಲೆಯಲ್ಲಿ ಟಿ.ವಿ. ಪಕ್ಕ ಇಟ್ಟಿದ್ದೇನೆ, ದಿನಾ ಒಂದು ಲೋಟ ನೀರು ಹಾಕುತ್ತೇನೆ. ಗಡ್ಡೆ ಕಿತ್ತು ಆರು ವಾರ ಫ್ರಿಜ್‌ನಲ್ಲಿಟ್ಟರೆ ಹೂ ಬರುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ? ಈ ಸಂಕ್ರಾಂತಿಗೆ ಮಗಳು ಬರುತ್ತಾಳೆ, ಅಷ್ಟರೊಳಗೆ ಹೂ ನೋಡಬಹುದೇ? ನಮ್ಮದು ವಿಜಯಪುರ. ಹಳೇ ಮನೆ, ಅಂಗಳ ಇಲ್ಲ, ಮಾಳಿಗೆ ಇದೆ.

ಉತ್ತರ: ಫ್ರಿಜ್ ಬೇಡ ಅಕ್ಕಾವ್ರೇ. ಮೊದಲು ಒಂದು ಹೊಲಿಗೆ ಟೇಪು ತಗೊಳ್ಳಿ. ಗಡ್ಡೆಯ ಸುತ್ತಲಿನ ಮಣ್ಣು ಬೆರಳಿನಿಂದ ಸರಿಸಿ, ಹೊಟ್ಟೆ ಎಲ್ಲಿ ಜಾಸ್ತಿ ದಪ್ಪ ಇದೆಯೋ ಅಲ್ಲಿ ಸುತ್ತಳತೆ ನೋಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಟೇಪೇ ಹೇಳುತ್ತದೆ.

24 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಈ ವರ್ಷವೇ ಪ್ರಯತ್ನ ಮಾಡಬಹುದು. 20ರ ಒಳಗೆ ಬಂದರೆ ಈ ಸಂಕ್ರಾಂತಿಯ ಆಸೆ ಬಿಡಿ, ಆ ಗಡ್ಡೆ ಮುಂದಿನ ವರ್ಷಕ್ಕಾಯಿತು. ನಡುವೆ ಎಲ್ಲೋ ಇದ್ದರೆ ನಿಮ್ಮ ಧೈರ್ಯ. ನನ್ನ ಅಂದಾಜು ಕೇಳಿದರೆ ನಿಮ್ಮದು 20ರ ಆಸುಪಾಸು ಇರಬೇಕು. ಟಿ.ವಿ. ಪಕ್ಕ ಎರಡು ವರ್ಷ ಕೂತ ಗಡ್ಡೆ ದಪ್ಪ ಆಗಿರಲಾರದು.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನದೊಂದು ಗಡ್ಡೆ ಬುಡದಲ್ಲಿ ಕೊಳೆತಿತ್ತು. ಎಸೆಯುವ ಮೊದಲು ಒಳಗೆ ಏನಿದೆ ನೋಡೋಣ ಅಂತ ಹಳೇ ಚಾಕುವಿನಿಂದ ಉದ್ದಕ್ಕೆ ಎರಡು ಹೋಳು ಮಾಡಿದೆ. ನೋಡಲಿಕ್ಕೆ ಥೇಟ್ ಉಳ್ಳಾಗಡ್ಡಿ. ಪದರದ ಮೇಲೆ ಬಿಳಿ ಪದರ. ಕಣ್ಣಲ್ಲಿ ನೀರು ಮಾತ್ರ ಬರಲಿಲ್ಲ, ಕೈಗೆ ಅಂಟು ಅಂಟು ಲೋಳೆ ಹತ್ತಿತು. ಸೂಜಿಯಿಂದ ಪದರ ಬಿಡಿಸುತ್ತ ಹೋದೆ. ನಾಲ್ಕು ಪದರ ಆದ ಮೇಲೆ ಒಂದು ಚಪ್ಪಟೆ ಮೊಗ್ಗು ಸಿಕ್ಕಿತು. ತಿಳಿ ಹಸಿರು, ಜೋಳದ ಕಾಳಿನಷ್ಟು ಗಾತ್ರ. ಇನ್ನೂ ಒಳಗೆ ಹೋದರೆ ಮತ್ತೆ ನಾಲ್ಕು ಪದರ, ಮತ್ತೊಂದು ಮೊಗ್ಗು. ಇದು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹೊರಗಿನ ಪದರಗಳ ನಡುವೆ ಒಂದು ಕಂದು ಚೂರು, ಒಣಗಿದ ಕಾಗದದ ಹಾಗೆ ಅಂಟಿಕೊಂಡಿತ್ತು. ಅದೂ ಮೊಗ್ಗೇ. ಹುಟ್ಟಿ, ಹೊಟ್ಟೆಗಿಲ್ಲದೆ ಒಳಗೇ ಸತ್ತದ್ದು.

ಅಮರಿಲ್ಲಿಸ್‌ನ ಲೆಕ್ಕ ಇಷ್ಟೇ: ನಾಲ್ಕು ಎಲೆಗೆ ಒಂದು ಮೊಗ್ಗು. ಆ ಮೊಗ್ಗು ಹುಟ್ಟಿ ಹೊರಗೆ ಬರಲಿಕ್ಕೆ ಹೆಚ್ಚೂಕಡಿಮೆ ಒಂದು ವರ್ಷ ಬೇಕು. ಅಷ್ಟು ದಿನ ಅದಕ್ಕೆ ಉಣ್ಣಲಿಕ್ಕೆ ಹಾಕುವುದು ಎಲೆಗಳು. ನಿಮ್ಮ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಕಾಣುವ ಗೊನೆ, ಏಪ್ರಿಲ್ ಚಾಟ್ನಿ ನಂತರದ ದಿನಗಳಲ್ಲೇ ಕಡ್ಡಿಯ ಕಣ್ಣಿನೊಳಗೆ ತಯಾರಾಗಿರುತ್ತದೆ.

ಅಂದರೆ ಮೊದಲ ವರ್ಷ ನಿಮ್ಮ ಪಡಸಾಲೆಯಲ್ಲಿ ಅರಳಿದ ನಾಲ್ಕು ಹೂವು ನಿಮ್ಮ ಮನೆಯ ಅಡುಗೆ ಅಲ್ಲ. ಆ ಗಡ್ಡೆಯನ್ನು ಬೆಳೆಸಿದವರು ಕಟ್ಟಿಕೊಟ್ಟ ಬುತ್ತಿ. ಬಿಚ್ಚಿದಿರಿ, ಉಂಡಿತು, ಮುಗಿಯಿತು. ಎರಡನೇ ವರ್ಷದ್ದನ್ನು ನಾವೇ ಬೇಯಿಸಬೇಕು. ಅದಕ್ಕೆ ಒಲೆ ಅಂದರೆ ಬೆಳಕು.

ಪಡಸಾಲೆಯಲ್ಲಿ ಬೆಳಕಿಲ್ಲವೇ ಅಂತ ನೀವು ಕೇಳಬಹುದು. ನಮ್ಮ ಕಣ್ಣಿಗೆ ಇದೆ. ಗಿಡಕ್ಕಿಲ್ಲ. ಹಳೇ ಮನೆಗಳ ಗೋಡೆ ದಪ್ಪ, ಕಿಟಕಿ ಸಣ್ಣದು, ಬೆಳಕಿಂಡಿಯಿಂದ ಬೀಳುವ ಬಿಸಿಲು ಒಂದು ತಾಟಿನಷ್ಟು ಜಾಗದಲ್ಲಿ ಒಂದು ತಾಸು ಓಡಾಡಿ ಹೋಗುತ್ತದೆ. ಒಂದು ಸುಲಭದ ಪರೀಕ್ಷೆ ಇದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಎಲೆಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ನೆರಳಿನಲ್ಲಿ ಐದು ಬೆರಳು ಬಿಡಿಬಿಡಿಯಾಗಿ ಕಂಡರೆ ಬೆಳಕು ಸಾಕು. ಮಬ್ಬು ಮಬ್ಬಾಗಿ ಕಂಡರೆ ಸಾಲದು. ನೆರಳೇ ಕಾಣದಿದ್ದರೆ ಆ ಜಾಗದಲ್ಲಿ ಗಣಪತಿ ಮೂರ್ತಿ ಇಡಿ, ಗಿಡ ಬೇಡ. ನಿಮ್ಮ ಗಿಡದ ಎಲೆ ಉದ್ದ ಬೆಳೆದು ಜೋತುಬಿದ್ದಿರುವುದೂ ಇದೇ ಕಾರಣಕ್ಕೆ. ಬೆಳಕು ಹುಡುಕಿಕೊಂಡು ಎಲೆ ಉದ್ದ ಆಗುತ್ತದೆ, ಗಟ್ಟಿ ಆಗುವುದಿಲ್ಲ. ಅದನ್ನು ನೋಡಿ ಗಿಡ ಚೆನ್ನಾಗಿದೆ ಅಂತ ನಾವು ಖುಷಿಪಡುತ್ತೇವೆ!

ಇನ್ನು ಫ್ರಿಜ್. ಟ್ಯೂಲಿಪ್, ಡ್ಯಾಫೊಡಿಲ್ ಗಡ್ಡೆಗಳಿಗೆ ಚಳಿ ಬೇಕೇ ಬೇಕು. 12ರಿಂದ 15 ವಾರ ತಂಪಿನಲ್ಲಿ ಇಡದಿದ್ದರೆ ಅವು ಸರಿಯಾಗಿ ಹೂ ಬಿಡುವುದಿಲ್ಲ. ಆ ಮಾತು ಬಾಯಿಂದ ಬಾಯಿಗೆ ಬಂದು ಅಮರಿಲ್ಲಿಸ್‌ಗೂ ಅಂಟಿಕೊಂಡಿದೆ. ಇದರ ತವರು ಬ್ರೆಜಿಲ್, ಬೊಲಿವಿಯಾ, ಪೆರು ಕಡೆ. ಹಿಮದ ಊರಲ್ಲ. ಅಲ್ಲಿ ಒಂದು ಮಳೆಗಾಲ, ಒಂದು ಒಣಗಾಲ. ಇದಕ್ಕೆ ಗೊತ್ತಿರುವ ಅಲಾರಂ ಬಾಯಾರಿಕೆ. ಚಳಿ ಅಲ್ಲ. ಫ್ರಿಜ್‌ನಲ್ಲಿಟ್ಟರೆ ಇನ್ನೊಂದು ತೊಂದರೆಯೂ ಇದೆ. ಅಲ್ಲಿರುವ ಸೇಬು, ಬಾಳೆಹಣ್ಣು ಮಾಗುವಾಗ ಬಿಡುವ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸಾಯಬಹುದು. ಮೇಲೆ ತೇವ ಬೇರೆ, ಬೂಸ್ಟು ಹಿಡಿಯುತ್ತದೆ. ಸುಮ್ನೆ ಯಾಕೆ?

ಬಾಯಾರಿಕೆಯಿಂದ ಹೂ ಬರಿಸುವುದು ನಮ್ಮ ಭಾಗಕ್ಕೆ ಹೊಸದಲ್ಲ. ಬಾಗಲಕೋಟೆ, ವಿಜಯಪುರದ ದಾಳಿಂಬೆ ತೋಟದವರು ಬಹಾರ, ಅಂದರೆ ಹೂವಿನ ಹಂಗಾಮು, ಹಿಡಿಯುವಾಗ ಏನು ಮಾಡುತ್ತಾರೆ? ಒಂದು, ಒಂದೂವರೆ ತಿಂಗಳು ನೀರು ನಿಲ್ಲಿಸುತ್ತಾರೆ. ಎರೆ ಭೂಮಿ ಇದ್ದರೆ ಇನ್ನೂ ಸ್ವಲ್ಪ ದಿನ. ಎಲೆ ಹಣ್ಣಾಗಿ ಉದುರುತ್ತದೆ. ಗಿಡ ಹೋಗೇಬಿಟ್ಟಿತೇನೋ ಅನ್ನುವ ಹೊತ್ತಿಗೆ ಚಾಟ್ನಿ ಮಾಡಿ, ಗೊಬ್ಬರ ಹಾಕಿ, ನೀರು ಬಿಡುತ್ತಾರೆ. ಚಿಗುರಿನ ಜೊತೆಗೇ ಹೂವು. ನೀರು ಯಾವಾಗ ನಿಲ್ಲಿಸಿದರು ಅನ್ನುವುದರ ಮೇಲೆ ಅದು ಮೃಗ ಬಹಾರವೋ, ಹಸ್ತ ಬಹಾರವೋ, ಅಂಬೆ ಬಹಾರವೋ ಆಗುತ್ತದೆ. ನೀವು ಕುಂಡದಲ್ಲಿ ಮಾಡಬೇಕಾದ್ದು ಇದೇ ಕೆಲಸ.

ತನ್ನ ಪಾಡಿಗೆ ಬಿಟ್ಟರೆ ಅಮರಿಲ್ಲಿಸ್ ನಮ್ಮಲ್ಲಿ ಮಾರ್ಚ್, ಏಪ್ರಿಲ್‌ಗೆ ಅರಳುತ್ತದೆ. ಹಳೇ ಕಂಪೌಂಡುಗಳಲ್ಲಿ ಯಾರೂ ನೀರು ಹಾಕದ ಮೂಲೆಯಲ್ಲಿ ಕಿತ್ತಳೆ-ಕೆಂಪು ಲಿಲ್ಲಿ ಒಂದೇ ಸಲ ಎದ್ದು ನಿಂತಿರುತ್ತದೆ, ನೋಡಿರುತ್ತೀರಿ. ಚಳಿಗಾಲವೆಲ್ಲ ಒಣಗಿ ಕೂತಿದ್ದು, ಬಿಸಿಲು ಏರಿದ ತಕ್ಷಣ ಏಳುತ್ತದೆ. ನಮಗೆ ಜನವರಿಯಲ್ಲಿ ಬೇಕು. ಹಾಗಾಗಿ ಆ ಒಣಗಾಲವನ್ನು ಸೆಪ್ಟೆಂಬರಿಗೆ ಎಳೆದು ತರಬೇಕು.

ಕಷ್ಟ ಇರುವುದು ಇಲ್ಲೇ. ವಿಜಯಪುರದ ಕಡೆ ವರ್ಷದಲ್ಲಿ ಜಾಸ್ತಿ ಮಳೆ ಬರುವುದೇ ಸೆಪ್ಟೆಂಬರಿನಲ್ಲಿ. ಊರಿಗೆಲ್ಲ ಮಳೆ, ಇದಕ್ಕೊಂದಕ್ಕೆ ಬರಗಾಲ ಮಾಡಬೇಕು. ನಿಮ್ಮ ಪತ್ರ ಶ್ರಾವಣದಲ್ಲೇ ಬಂದದ್ದು ಒಳ್ಳೆಯದಾಯಿತು. ಗಡ್ಡೆ 24 ಸೆಂ.ಮೀ. ದಾಟಿದ್ದರೆ ಸೆಪ್ಟೆಂಬರ್ ಮೊದಲ ವಾರದಿಂದ ನೀರು ನಿಲ್ಲಿಸಿ. ಕಡಿಮೆ ಮಾಡುವುದಲ್ಲ, ಪೂರ್ತಿ ನಿಲ್ಲಿಸಿ. ಕುಂಡ ಮಳೆ ಹನಿ ಬೀಳದ, ಗಾಳಿ ಆಡುವ, ಮನೆಯಲ್ಲೇ ತಂಪಾದ ಮೂಲೆಯಲ್ಲಿರಲಿ. ಪರದೇಶದ ಪುಸ್ತಕಗಳಲ್ಲಿ 13 ಡಿಗ್ರಿ ಅಂತ ಬರೆದಿರುತ್ತದೆ. ಸೆಪ್ಟೆಂಬರಿನಲ್ಲಿ 13 ಡಿಗ್ರಿ ನಮಗೆಲ್ಲಿಂದ ಬರಬೇಕು? ಅಟ್ಟದ ಕೆಳಗಿನ ಕತ್ತಲೆ ಮೂಲೆ ಸಾಕು. ಒಣಗಿರುವುದು ಮುಖ್ಯ, ತಂಪು ಆಮೇಲೆ.

ಎಲೆ ನಿಧಾನಕ್ಕೆ ಹಳದಿಯಾಗುತ್ತದೆ. ಹಸಿರು ಇರುವಾಗಲೇ ಕತ್ತರಿ ಹಾಕಬೇಡಿ. ಉಳ್ಳಾಗಡ್ಡಿ ಹೊಲದಲ್ಲಿ ತೊಪ್ಪಲು ತಾನಾಗಿ ಕುತ್ತಿಗೆ ಮುರಿದು ಬೀಳುವ ತನಕ ಕಾಯುತ್ತಾರಲ್ಲ, ಅದೇ ತಾಳ್ಮೆ ಇಲ್ಲೂ ಬೇಕು. ಎಲೆಯಲ್ಲಿದ್ದ ಸತ್ವ ಗಡ್ಡೆಗೆ ಇಳಿಯಲಿ. ಪೂರ್ತಿ ಒಣಗಿದ ಮೇಲೆ ಕೈಯಿಂದ ಎಳೆದರೆ ಬರುತ್ತದೆ. ಒಂದೆರಡು ಎಲೆ ಹಟ ಮಾಡಿ ಹಸಿರಾಗೇ ಉಳಿದರೆ ಉಳಿಯಲಿ. ಗಡ್ಡೆಯನ್ನು ಕೀಳುವುದೂ ಬೇಡ. ಅದರ ಬೇರು ದಪ್ಪ, ಬಿಳಿ, ವರ್ಷದಿಂದ ವರ್ಷಕ್ಕೆ ಉಳಿಯುವಂಥದ್ದು. ಕಿತ್ತರೆ ಮುರಿಯುತ್ತದೆ.

ಅಕಸ್ಮಾತ್ ಕಿತ್ತು ಒಣಗಿಸಿ ಇಡುವುದಿದ್ದರೆ ಒಂದು ಎಚ್ಚರ. ನಮ್ಮ ಮನೆಯಲ್ಲಿ ಒಂದು ವರ್ಷ ನಾಲ್ಕು ಗಡ್ಡೆ ಬುಟ್ಟಿಗೆ ಹಾಕಿ ಅಡುಗೆಮನೆ ಅಟ್ಟದ ಮೇಲೆ ಇಟ್ಟಿದ್ದೆ. ಊರಿಂದ ಬಂದ ನಮ್ಮ ಅಕ್ಕ ಜುಣಕ ಮಾಡಲಿಕ್ಕೆ ಅಂತ ಅದರಲ್ಲೊಂದನ್ನು ತೆಗೆದು, ಸಿಪ್ಪೆ ಸುಲಿದು, ಈಳಿಗೆ ಮುಂದೆ ಕೂತಿದ್ದಳು. ಹೆಚ್ಚಿದ ಮೇಲೆ ವಾಸನೆಯೇ ಇಲ್ಲವಲ್ಲ ಅಂತ ಅನುಮಾನ ಬಂದು ನನ್ನನ್ನು ಕೂಗಿದಳು. ಅಷ್ಟಕ್ಕೆ ಮುಗಿಯಿತು. ಇದರೊಳಗೆ ಲೈಕೊರಿನ್ ಅನ್ನುವ ವಿಷ ಇರುತ್ತದೆ. ತಿಂದರೆ ವಾಂತಿ, ಹೊಟ್ಟೆನೋವು ಶುರು. ನಾಯಿ, ಬೆಕ್ಕಿಗೂ ಆಗುವುದಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಅಮರಿಲ್ಲಿಸ್ ಅಡುಗೆಮನೆ ಹೊಸ್ತಿಲು ದಾಟುವಂತಿಲ್ಲ.

ಟೇಪಿನಲ್ಲಿ 20ರ ಒಳಗೆ ಬಂದಿದ್ದರೆ ಮೇಲಿನದ್ಯಾವುದೂ ಈ ವರ್ಷ ಮಾಡಬೇಡಿ. ಬಡಕಲು ಗಡ್ಡೆಗೆ ಉಪವಾಸ ಹಾಕುವುದು ತಪ್ಪು. ಅದನ್ನು ಮಾಳಿಗೆಗೆ ಒಯ್ಯಿರಿ. ಒಂದೇ ದಿನಕ್ಕೆ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಮೊದಲ ವಾರ ಬೆಳಗಿನ ಒಂದು ತಾಸು, ಮುಂದಿನ ವಾರ ಎರಡು ತಾಸು, ಹೀಗೆ ಏರಿಸಿ. ಚಳಿಗಾಲದುದ್ದಕ್ಕೂ ಬೆಳೆಯಲು ಬಿಡಿ. ಇದರ ಸರದಿ ಮುಂದಿನ ಸೆಪ್ಟೆಂಬರಿಗೆ ಬರುತ್ತದೆ. ಈ ಸಂಕ್ರಾಂತಿಗೆ ಮಗಳ ಎದುರು ಹೂ ಬೇಕೇ ಬೇಕು ಅಂದರೆ ಅಕ್ಟೋಬರ್, ನವೆಂಬರಿನಲ್ಲಿ ಒಂದು ಹೊಸ ಗಡ್ಡೆ ತರಿಸಿ. ಇದರಲ್ಲಿ ನಾಚಿಕೆ ಏನಿಲ್ಲ, ನಾನೂ ತರಿಸುತ್ತೇನೆ.

ತರಿಸುವಾಗ ಫೋಟೋ ನೋಡಬೇಡಿ, ಅಳತೆ ನೋಡಿ. ಹಾಲೆಂಡಿನ ಗಡ್ಡೆಗಳು 24/26, 26/28, 28/30 ಅಂತ ಸುತ್ತಳತೆ ಲೆಕ್ಕದಲ್ಲೇ ಮಾರಾಟಕ್ಕೆ ಬರುತ್ತವೆ. ದಪ್ಪ ಗಡ್ಡೆಗೆ ಎರಡು ದಂಟು ಬರುವ ಸಾಧ್ಯತೆ ಜಾಸ್ತಿ. ಪಶ್ಚಿಮ ಬಂಗಾಳದ ಕಾಲಿಂಪಾಂಗ್ ಕಡೆಯ ನರ್ಸರಿಗಳೂ ಬೆಳೆಯುತ್ತವೆ. ಕೈಯಲ್ಲಿ ಹಿಡಿದರೆ ಭಾರ ಇರಬೇಕು, ಒತ್ತಿದರೆ ಮೆತ್ತಗಾಗಬಾರದು, ಬುಡದ ತಟ್ಟೆ ಒಣಗಿರಬೇಕು. ಚೀಟಿಯ ಮೇಲೆ ಹಿಪ್ಪಿಯಾಸ್ಟ್ರಮ್ ಅಂತ ಬರೆದಿದ್ದರೆ ಬೇರೆ ಗಿಡ ಕಳಿಸಿದರು ಅಂತ ಜಗಳ ತೆಗೆಯಬೇಡಿ. ಅದೇ ಇದರ ಸರಿಯಾದ ಹೆಸರು. ಅಮರಿಲ್ಲಿಸ್ ಅನ್ನುವ ಹೆಸರು ದಕ್ಷಿಣ ಆಫ್ರಿಕಾದ ಇನ್ನೊಂದು ಗಿಡಕ್ಕೆ ಸೇರಬೇಕು ಅಂತ ಸಸ್ಯ ವಿಜ್ಞಾನಿಗಳು 1987ರಲ್ಲಿ ತೀರ್ಮಾನ ಮಾಡಿದರು. ಮಾರುವವರೂ ಕೊಳ್ಳುವವರೂ ಕೇಳಲಿಲ್ಲ, ಹಳೇ ಹೆಸರೇ ನಡೆಯುತ್ತಿದೆ. ನಾನು ಮೊದಮೊದಲು ಒಬ್ಬ ನರ್ಸರಿಯವರ ಮಾತು ನಂಬಿ ಅಮರಿಲ್ಲಿಸ್ ಅಂತ ಆರು ಗಡ್ಡೆ ತಂದಿದ್ದೆ. ಒಂದೂವರೆ ವರ್ಷ ಸಾಕಿದ ಮೇಲೆ ಬಿಳಿ ಸ್ಪೈಡರ್ ಲಿಲ್ಲಿ ಅರಳಿತು. ಚೆಂದದ ಹೂವೇ. ಆದರೆ ನಾನು ದುಡ್ಡು ಕೊಟ್ಟದ್ದು ಅದಕ್ಕಲ್ಲ.

ಈಗ ಎಬ್ಬಿಸುವ ಕೆಲಸ. ಹಳೇ ಗಡ್ಡೆ ಆಗಲಿ, ಹೊಸದಾಗಲಿ, ನವೆಂಬರ್ 20ರ ಆಸುಪಾಸು ಶುರು ಮಾಡಿ. ಅಲ್ಲಿಗೆ ಹಳೆಯದಕ್ಕೆ ಹತ್ತು ವಾರ ವಿಶ್ರಾಂತಿ ಆಗಿರುತ್ತದೆ. 20ರಿಂದ 24 ಡಿಗ್ರಿ ಇರುವ ಕೋಣೆಯಲ್ಲಿ ಹೂ ಬರಲಿಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ನಿಮ್ಮ ವಿಜಯಪುರದಲ್ಲಿ ಹಗಲು ಬೆಚ್ಚಗಿರುವುದರಿಂದ ಏಳು ವಾರ ಅಂತ ಹಿಡಿಯಿರಿ. ನಾನಿರುವ ಬೆಳಗಾವಿಯಲ್ಲಿ ಉತ್ತರಕ್ಕೆ ಮುಖ ಮಾಡಿದ ಕೋಣೆಯಲ್ಲಿ ಒಂದು ಸಲ ಹತ್ತು ವಾರ ಕಾದಿದ್ದೇನೆ. ರಾತ್ರಿ ಥಂಡಿ ಜಾಸ್ತಿ ಇದ್ದರೆ ಮೊಳಕೆ ಕಾಣುವ ತನಕ ಹಳೇ ಫ್ರಿಜ್‌ನ ಮೇಲೆ ಇಡಿ, ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ನಿಮಗೆ ಸಲಹೆ ಕೊಟ್ಟವರ ಮಾತು ಅರ್ಧ ಸರಿ. ಫ್ರಿಜ್ ಬೇಕು, ಒಳಗಲ್ಲ, ಮೇಲೆ.

ಕುಂಡ ಸಣ್ಣದಿರಲಿ. ಗಡ್ಡೆಗೂ ಕುಂಡದ ಅಂಚಿಗೂ ನಡುವೆ ಹೆಬ್ಬೆರಳು ಇಳಿಯುವಷ್ಟು ಜಾಗ ಸಾಕು. 26 ಸೆಂ.ಮೀ. ಸುತ್ತಳತೆಯ ಗಡ್ಡೆಗೆ ಆರು ಇಂಚಿನ ಕುಂಡ ಸರಿಹೋಗುತ್ತದೆ. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಗಡ್ಡೆ ಕೊಳೆಯುತ್ತದೆ. ಪ್ಲಾಸ್ಟಿಕ್‌ಗಿಂತ ಮಣ್ಣಿನದು ಒಳ್ಳೆಯದು. ಖಾನಾಪುರದ ಕಡೆಯ ಕುಂಬಾರರ ಕುಂಡ ಸಿಕ್ಕರೆ ಬಿಡಬೇಡಿ. ಬೇಗ ಒಣಗುತ್ತದೆ, ಭಾರವೂ ಇರುತ್ತದೆ. ಭಾರ ಯಾಕೆ ಬೇಕು ಅನ್ನುವುದು, ಒಂದೂವರೆ ಅಡಿ ದಂಟಿನ ತುದಿಯಲ್ಲಿ ನಾಲ್ಕು ಹೂವು ತೂಗುವಾಗ ಗೊತ್ತಾಗುತ್ತದೆ.

ಮಣ್ಣು ಒಂದು ಪಾಲು ಮಸಾರಿ (ಕೆಂಪು ಮಣ್ಣು), ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಎರೆ ಮಣ್ಣು ಬೇಡವೇ ಬೇಡ. ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಗಡ್ಡೆಯ ಮೇಲಿನ ಮೂರನೇ ಒಂದು ಭಾಗ ಹೊರಗೆ ಕಾಣುತ್ತಿರಬೇಕು. ಪೂರ್ತಿ ಹೂತರೆ ಕುತ್ತಿಗೆಯಲ್ಲಿ ನೀರು ನಿಲ್ಲುತ್ತದೆ. ಈಗಾಗಲೇ ಕುಂಡದಲ್ಲಿರುವ ಹಳೇ ಗಡ್ಡೆಗೆ ಮೇಲಿನ ಎರಡು ಬೆರಳು ಮಣ್ಣು ತೆಗೆದು ಹೊಸದು ಹಾಕಿದರೆ ಸಾಕು.

ಮೊದಲ ದಿನ ಒಂದು ಚಹಾ ಕಪ್ಪಿನಷ್ಟು ನೀರು, ಗಡ್ಡೆಯ ಮೇಲಲ್ಲ, ಅಂಚಿನಲ್ಲಿ. ಆಮೇಲೆ ಮೂತಿ ಕಾಣುವ ತನಕ ಕೈ ಕಟ್ಟಿ ಕೂಡ್ರಬೇಕು. ಈ ಎರಡು ಮೂರು ವಾರ ಜನ ತಡೆಯುವುದಿಲ್ಲ. ಏನೂ ಬರಲಿಲ್ಲ ಅಂತ ನೀರು ಹಾಕುತ್ತಾರೆ, ಇನ್ನೂ ಬರಲಿಲ್ಲ ಅಂತ ಇನ್ನಷ್ಟು ಹಾಕುತ್ತಾರೆ. ಬಾಯಾರಿ ಸತ್ತ ಅಮರಿಲ್ಲಿಸ್ ನಾನು ನೋಡಿಲ್ಲ. ಮುಳುಗಿ ಸತ್ತದ್ದು ಬೇಕಾದಷ್ಟು ನೋಡಿದ್ದೇನೆ. ನಮ್ಮ ಬೆಳಗಾವಿಯ ಜುಲೈ ಮಳೆಗೆ ನನ್ನವೇ ಐದು ಹೋಗಿವೆ. ದಿನಾ ಒಂದು ಲೋಟ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ. ಬೆರಳು ಒಂದು ಗೆಣ್ಣು ಮಣ್ಣಿನಲ್ಲಿ ಇಳಿಸಿ, ಒಣಗಿದ್ದರೆ ಮಾತ್ರ ನೀರು.

ಯಾವ ನೀರು ಅನ್ನುವುದೂ ನಿಮ್ಮ ಊರಲ್ಲಿ ಕೇಳಬೇಕಾದ ಮಾತು. ಬೋರಿನ ಸವಳು ನೀರು ಹಾಕುತ್ತಿದ್ದರೆ ಕುಂಡದ ಹೊರಗೆ ಬಿಳಿ ಪುಡಿ ಕೂತಿರುತ್ತದೆ. ಎಲೆ ತುದಿ ಕಂದಾಗಿರುತ್ತದೆ. ನಳದಲ್ಲಿ ಬರುವ ಹೊಳೆ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಇದಕ್ಕೆ ಮೀಸಲಿಡಿ. ಆರ್.ಒ. ಯಂತ್ರದಿಂದ ಹೊರಗೆ ಹೋಗುವ ನೀರನ್ನು ದಂಡ ಆಗಬಾರದು ಅಂತ ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ ಇರುತ್ತದೆ, ನೆಲ ಒರೆಸಲು ಬಳಸಿ. ಒಲೆಯ ಬೂದಿಯೂ ಬೇಡ. ನಮ್ಮ ನೀರೇ ಕ್ಷಾರ, ಇದಕ್ಕೆ ಸ್ವಲ್ಪ ಹುಳಿ ಕಡೆಯ ಮಣ್ಣು ಇಷ್ಟ.

ಮೂತಿ ಹೊರಗೆ ಬಂದಾಗ ಮೊಗ್ಗೋ ಎಲೆಯೋ ಅಂತ ಕುತೂಹಲ ಇದ್ದೇ ಇರುತ್ತದೆ, ಅಲ್ವಾ? ಎಲೆ ತೆಳ್ಳಗೆ, ತುದಿ ಮೊಂಡು. ಮೊಗ್ಗು ದಪ್ಪ, ಎರಡೂ ಕಡೆ ಅಮುಕಿದ ಹಾಗೆ, ತುದಿ ಚೂಪು. ಮುಟ್ಟಿದರೆ ಒಳಗೆ ಏನೋ ತುಂಬಿದೆ ಅನ್ನಿಸುತ್ತದೆ. ಬಹಳ ಸಲ ಅದು ನಡುವಿನಿಂದ ಬರುವುದಿಲ್ಲ, ಕುತ್ತಿಗೆಯ ಪಕ್ಕದಿಂದ ಇಣುಕುತ್ತದೆ. ಮೊದಲು ಎಲೆ ಬಂತು ಅಂತ ಬೇಜಾರು ಬೇಡ, ಹಿಂದೆಯೇ ಮೊಗ್ಗು ಬರಬಹುದು. ಆದರೆ ನಾಲ್ಕು ಎಲೆ ಮೊಳದುದ್ದ ಆದರೂ ಮೊಗ್ಗು ಕಾಣದಿದ್ದರೆ ಈ ಸಲ ಇಲ್ಲ ಅಂತಲೇ ತಿಳಿಯಿರಿ. ವಿಶ್ರಾಂತಿ ಸರಿಯಾಗಿತ್ತು, ಬುತ್ತಿ ಸಾಲಲಿಲ್ಲ.

ಮೂತಿ ಕಂಡ ದಿನವೇ ಕುಂಡವನ್ನು ಬೆಳಕಿಗೆ ತನ್ನಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಗೆ ಬಿಸಿಲು ಜಾಸ್ತಿ. ವಾಸ್ತುವಿನವರ ಮಾತು ಕೇಳಿ ಆ ಕಡೆ ಕಿಟಕಿ ಮುಚ್ಚಿಸಿದ್ದರೆ ಪೂರ್ವದ್ದಾದರೂ ಆದೀತು. ದಂಟು ಬೆಳಕಿನ ಕಡೆ ಬಾಗುತ್ತದೆ. ದಿನಾ ಕಸ ಗುಡಿಸುವಾಗ ಕುಂಡವನ್ನು ಕಾಲು ಸುತ್ತು ತಿರುಗಿಸಿ. ದಂಟಿನ ಒಳಗೆ ಟೊಳ್ಳು. ಬಾಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಟಕ್ ಅಂತ ಮುರಿಯುತ್ತದೆ. ಒಂದು ಬಿದಿರು ಕಡ್ಡಿ ಊರಿ ಮೆತ್ತನೆ ಬಟ್ಟೆ ದಾರದಿಂದ ಸಡಿಲವಾಗಿ ಕಟ್ಟಿ. ಕಡ್ಡಿ ಗಡ್ಡೆಗೆ ಚುಚ್ಚದಂತೆ ನೋಡಿಕೊಳ್ಳಿ.

ಮೊದಲ ಮೊಗ್ಗಿಗೆ ಬಣ್ಣ ಬಂದ ಮೇಲೆ ಕಿಟಕಿಯಿಂದ ತೆಗೆದು ತಂಪು ಜಾಗಕ್ಕೆ ಇಡಿ. ಈಗ ಬೇಕಾದರೆ ಟಿ.ವಿ. ಪಕ್ಕ ಇಡಬಹುದು, ಹೂವು ಮುಗಿಯುವ ತನಕ ಮಾತ್ರ! 15ರಿಂದ 18 ಡಿಗ್ರಿಯಲ್ಲಿ ಹೂವು ಜಾಸ್ತಿ ದಿನ ನಿಲ್ಲುತ್ತದೆ. ಒಂದು ದಂಟು ಎರಡು ವಾರದ ತನಕ ನೋಡಲು ಸಿಗುತ್ತದೆ. ಸಂಕ್ರಾಂತಿಗೆ ತಂದ ಬಾಳೆಹಣ್ಣಿನ ಬುಟ್ಟಿ ಪಕ್ಕದಲ್ಲಿರಬಾರದು. ಕೇಸರದ ಪುಡಿ ಬಿಳಿ ಅಂಗಿಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ, ಹೂ ಬಿಚ್ಚಿದ ಕೂಡಲೇ ಚಿವುಟಿ ತೆಗೆಯಿರಿ.

ಹೂ ಬಾಡಿದ ಮೇಲೆ ದಂಟನ್ನು ಗಡ್ಡೆಯಿಂದ ಎರಡು ಬೆರಳು ಮೇಲೆ ಕತ್ತರಿಸಿ. ಎಲೆ ಮುಟ್ಟಬೇಡಿ. ನೀವು ಎರಡು ವರ್ಷ ಕಳೆದುಕೊಂಡಿದ್ದು ಇದರ ನಂತರದ ಏಳು ತಿಂಗಳಲ್ಲಿ. ಫೆಬ್ರವರಿಯಿಂದ ಆಗಸ್ಟ್ ತನಕ ಗಿಡ ಮಾಳಿಗೆಯಲ್ಲಿರಬೇಕು. ಬೆಳಗಿನ ಬಿಸಿಲು ಬೀಳಬೇಕು, ಹನ್ನೊಂದರ ಮೇಲೆ ನೆರಳು ಬರಬೇಕು. ನಿಮ್ಮ ಏಪ್ರಿಲ್, ಮೇ ಬಿಸಿಲು 40 ದಾಟುತ್ತದೆ, ಹಸಿರು ಬಲೆಯ ಕೆಳಗೆ ಅಥವಾ ದೊಡ್ಡ ದಾಸವಾಳದ ಕುಂಡದ ಮರೆಯಲ್ಲಿ ಇಡಿ. ಹದಿನೈದು ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ) ಗೊಬ್ಬರ, ಲೀಟರ್ ನೀರಿಗೆ ಎರಡು ಗ್ರಾಂ. ಜೂನ್ ಮೇಲೆ ಅದನ್ನು ಬಿಟ್ಟು ಬರೀ ಪೊಟ್ಯಾಶ್ ಇರುವ 0:0:50 ಕೊಡಿ, ಲೀಟರಿಗೆ ಒಂದು ಗ್ರಾಂ. ಇದಕ್ಕೋಸ್ಕರ ಚೀಲ ಕೊಳ್ಳಬೇಡಿ. ದ್ರಾಕ್ಷಿ ತೋಟ ಇರುವ ಪರಿಚಯದವರ ಹತ್ತಿರ ಒಂದು ಮುಷ್ಟಿ ಕೇಳಿ ತನ್ನಿ, ವರ್ಷಕ್ಕಾಗುತ್ತದೆ. ಎಲೆ ಎಣಿಸುತ್ತಿರಿ. ಆಗಸ್ಟ್ ಹೊತ್ತಿಗೆ ಎಂಟು ಗಟ್ಟಿ ಎಲೆ ಬಂದಿದ್ದರೆ ನನಗೆ ಪತ್ರ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಮಳೆಗಾಲದಲ್ಲಿ ಒಂದು ಹುಳದ ಮೇಲೆ ಕಣ್ಣಿಡಿ. ಕಪ್ಪು ಮೈ, ಮೇಲೆ ಬಿಳಿ ಚುಕ್ಕೆ, ನಡುನಡುವೆ ಕೆಂಪು. ಅಗ್ನಿಶಿಖೆ ಬಳ್ಳಿಯನ್ನೂ ಇದೇ ತಿನ್ನುತ್ತದೆ. ಗುಂಪಾಗಿ ಬಂದರೆ ಎರಡು ರಾತ್ರಿಯಲ್ಲಿ ಎಲೆ ಖಾಲಿ, ಆಮೇಲೆ ಕುತ್ತಿಗೆಯೊಳಗೆ ಇಳಿಯುತ್ತದೆ. ಇಕ್ಕಳದಿಂದ ಹಿಡಿದು ಸೋಪಿನ ನೀರಿಗೆ ಹಾಕಿ. ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಒಂದೆರಡು ಹನಿ ಸೋಪು ಬೆರೆಸಿ ಸಂಜೆ ಹೊಡೆಯಿರಿ. ಎಲೆ, ದಂಟಿನ ಮೇಲೆ ಕೆಂಪು ಗೀರು ಬಿದ್ದು ಅಲ್ಲಿ ಬಾಗಿದರೆ ಅದು ಬೂಸ್ಟಿನ ರೋಗ. ಆ ಭಾಗ ಕತ್ತರಿಸಿ ಎಸೆಯಿರಿ, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ, ಕುತ್ತಿಗೆಗೆ ನೀರು ಬೀಳದಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಮರಿಗಡ್ಡೆ ಹುಟ್ಟಿದರೆ ಕೀಳುವ ಅವಸರ ಬೇಡ. ಅವು ಹೂ ಬಿಡಲಿಕ್ಕೆ ಎರಡು ಮೂರು ವರ್ಷ ಬೇಕು, ತಾಯಿ ಹತ್ತಿರ ಇದ್ದರೆ ಬೇಗ ದಪ್ಪ ಆಗುತ್ತವೆ.

ಸಂಕ್ರಾಂತಿಗೆ ಸರಿಯಾಗಿ ಅರಳುತ್ತದೆ ಅಂತ ನಾನು ಮಾತು ಕೊಡಲಾರೆ. ಒಂದು ವಾರ ಹಿಂದೆ ಮುಂದೆ ಆಗುತ್ತದೆ. ದಂಟು ಒಂದು ಗೇಣು ಆದ ಮೇಲೆ ಇನ್ನೂ ಸುಮಾರು ಎರಡು ವಾರ ಅಂತ ನನ್ನ ಲೆಕ್ಕ. ಹೊಸ ವರ್ಷದ ದಿನ ಅಷ್ಟು ಕಂಡರೆ ಸರಿದಾರಿಯಲ್ಲಿದೆ. ಮಗಳು ವಾಪಸ್ ಹೊರಡುವ ಹೊತ್ತಿಗೂ ಮೊಗ್ಗು ಬಿಚ್ಚಿರದಿದ್ದರೆ, ಬಣ್ಣ ಬಂದ ದಂಟನ್ನು ಬುಡದಲ್ಲಿ ಕತ್ತರಿಸಿ, ಟೊಳ್ಳಿನೊಳಗೆ ಒದ್ದೆ ಹತ್ತಿ ತುರುಕಿ, ಪೇಪರ್ ಸುತ್ತಿ ಕೈಗೆ ಕೊಟ್ಟುಬಿಡಿ. ಪುಣೆಯಲ್ಲಿ ನೀರು ತುಂಬಿದ ಎತ್ತರದ ಲೋಟದಲ್ಲಿ ನಿಲ್ಲಿಸಿದರೆ ಅಲ್ಲೇ ಅರಳುತ್ತದೆ.